ನಿಧಾನವಾದ ಡೇಟಾಬೇಸ್ ಸರ್ವರನ್ನು ಹದಕ್ಕೆ ತರುವುದು ಹೇಗೆ?

ಅಡಿಕೆ ವಿಕ್ರಿ ಜೋರಾದಾಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಸಹಕಾರಿ ಸಂಘಗಳಿಂದಲೂ, ಮಾರ್ಚ್ 31ರ ಲೆಕ್ಕ ಮುಗಿಸುವ ಹೊತ್ತಿಗೆ ಕಾರವಾರ, ಅಂಕೋಲಾ, ಕುಮಟಾದ ಕಚೇರಿಗಳಿಂದಲೂ ನನಗೆ ಬರುವ ಪ್ರಶ್ನೆ ಒಂದೇ: ‘ಸಾಫ್ಟ್‌ವೇರ್ ತೀರಾ ನಿಧಾನವಾಗಿದೆ, ರ್ಯಾಮ್ ಹೆಚ್ಚಿಸಬೇಕೇ, ಹೊಸ ಸರ್ವರನ್ನೇ ಕೊಳ್ಳಬೇಕೇ?’ ಎರಡೂ ಬೇಕಾಗದೆ ಕೆಲಸ ಸರಿಹೋದದ್ದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ನಿಧಾನದ ಮೂಲ ಎಲ್ಲಿದೆ ಎಂದು ಅಳೆದು ನೋಡುವ ಮೊದಲೇ ಹಣ ಖರ್ಚು ಮಾಡಬೇಡಿ ಎಂಬುದೇ ನನ್ನ ಮೊದಲ ಮಾತು. ಅಳೆಯುವುದು ಹೇಗೆ, ಅಳೆದ ಮೇಲೆ ಯಾವುದನ್ನು ಯಾವ ಕ್ರಮದಲ್ಲಿ ತಿದ್ದಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಈ ಲೇಖನ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಎಂಬ ಡೇಟಾಬೇಸ್ ತಂತ್ರಾಂಶದ, ಅಂದರೆ ನಮೂದುಗಳನ್ನು ಇಟ್ಟುಕೊಂಡು ಕೇಳಿದಾಗ ಹುಡುಕಿ ಕೊಡುವ ತಂತ್ರಾಂಶದ, ಸರ್ವರನ್ನು ಒಂದೇ ಯಂತ್ರದಲ್ಲಿ ನಡೆಸುವ ಸಣ್ಣ ಮತ್ತು ಮಧ್ಯಮ ಕಚೇರಿಗಳಿಗಾಗಿ. ಮರಿಯಾಡಿಬಿ 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ತಂತ್ರಾಂಶವಾದ್ದರಿಂದ ಬಹುಪಾಲು ಮಾತು ಎರಡಕ್ಕೂ ಹೊಂದುತ್ತದೆ. ಬೇರೆಯಾಗುವಲ್ಲಿ ಅಲ್ಲಲ್ಲೇ ಹೇಳಿದ್ದೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಪದಗಳ ನಡುವೆ ಅಂಡರ್‌ಸ್ಕೋರ್ ಇರುವಲ್ಲಿ ಅದನ್ನು ಬಿಡಬಾರದು.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದವು

ಡೇಟಾಬೇಸ್ ಸರ್ವರಿನ ರೂಟ್ ಖಾತೆಯ, ಅಂದರೆ ಎಲ್ಲ ಅಧಿಕಾರವಿರುವ ಖಾತೆಯ, ಪಾಸ್‌ವರ್ಡ್ ನಿಮ್ಮ ಬಳಿ ಇರಬೇಕು. ‘ಸೆಲೆಕ್ಟ್ ವರ್ಷನ್()’ ಎಂಬ ಆಜ್ಞೆ ಕೊಟ್ಟು ಆವೃತ್ತಿ ಯಾವುದೆಂದು ತಿಳಿದುಕೊಳ್ಳಿ, ಏಕೆಂದರೆ 5.7ರಲ್ಲಿ ನಡೆಯುವ ಕೆಲವು ಸೆಟ್ಟಿಂಗ್‌ಗಳು 8.0ರಲ್ಲಿ ಇಲ್ಲವೇ ಇಲ್ಲ. ಸೆಟ್ಟಿಂಗ್‌ಗಳ ಕಡತ ಲಿನಕ್ಸಿನಲ್ಲಿ ಇಟಿಸಿ ಫೋಲ್ಡರಿನ ಒಳಗೆ ‘ಮೈ.ಸಿಎನ್‌ಎಫ್’ ಎಂಬ ಹೆಸರಿನಲ್ಲಿಯೂ, ವಿಂಡೋಸಿನಲ್ಲಿ ಸಾಮಾನ್ಯವಾಗಿ ಪ್ರೋಗ್ರಾಮ್‌ಡೇಟಾ ಫೋಲ್ಡರಿನ ಒಳಗೆ ‘ಮೈ.ಐಎನ್‌ಐ’ ಎಂಬ ಹೆಸರಿನಲ್ಲಿಯೂ ಇರುತ್ತದೆ. ಅದನ್ನು ಮುಟ್ಟುವ ಮೊದಲು ದಿನಾಂಕ ಸೇರಿಸಿ ಒಂದು ಪ್ರತಿ ತೆಗೆದಿಡಿ.

ಬ್ಯಾಕಪ್ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಿ. ಸರ್ವರ್ ನಡೆಯುತ್ತಿರುವಾಗಲೇ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡು ಅದನ್ನೇ ಬ್ಯಾಕಪ್ ಎಂದು ನಂಬಿದವರಿದ್ದಾರೆ. ಕಾಪಿಯಾಗುವ ಹೊತ್ತಿನಲ್ಲೂ ಕಡತಗಳು ಬದಲಾಗುತ್ತಲೇ ಇರುವುದರಿಂದ ಅಂಥ ಪ್ರತಿ ಮರಳಿ ತೆರೆದುಕೊಳ್ಳುತ್ತದೆಂಬ ಭರವಸೆಯಿಲ್ಲ. ‘ಮೈಎಸ್‌ಕ್ಯೂಎಲ್‌ಡಂಪ್’ ಎಂಬ ಸಾಧನವನ್ನು ‘ಸಿಂಗಲ್-ಟ್ರಾನ್ಸಾಕ್ಷನ್’ ಆಯ್ಕೆಯೊಂದಿಗೆ ಬಳಸಿ, ಬಂದ ಕಡತವನ್ನು ಬೇರೊಂದು ಕಂಪ್ಯೂಟರಿನಲ್ಲಿ ನಿಜವಾಗಿಯೂ ತುಂಬಿ ನೋಡಿ. ಆ ಮೇಲೆ, ವಹಿವಾಟು ಇಲ್ಲದ ದಿನವನ್ನು ನೋಡಿಕೊಂಡು ಕೆಲಸಕ್ಕೆ ಇಳಿಯಿರಿ. ಜೊತೆಗೆ ಒಂದು ನೋಟ್‌ಬುಕ್ ಇರಲಿ, ಅದರ ಅಗತ್ಯ ಕೊನೆಯ ಹಂತದಲ್ಲಿ ಬರುತ್ತದೆ.

ಹಂತ 1: ನಿಧಾನವಾಗಿರುವುದು ಯಾವುದು?

ಎಲ್ಲರಿಗೂ ನಿಧಾನವೇ, ಒಂದೇ ಕೌಂಟರಿಗೆ ನಿಧಾನವೇ, ಅಥವಾ ಒಂದೇ ವರದಿ ತೆಗೆಯುವಾಗ ಮಾತ್ರ ನಿಧಾನವೇ ಎಂದು ಮೊದಲು ಕೇಳಿ ತಿಳಿಯಿರಿ. ಒಂದೇ ಕೌಂಟರಿಗೆ ತೊಂದರೆಯಿದ್ದರೆ ಆ ಕಂಪ್ಯೂಟರನ್ನೂ ಅದರ ಕೇಬಲನ್ನೂ ನೋಡಬೇಕು. ಪ್ರಧಾನ ಕಚೇರಿಯಲ್ಲಿ ಸರಿಯಿದ್ದು ಘಟ್ಟದ ಕೆಳಗಿನ ಶಾಖೆಗೆ ಮಾತ್ರ ನಿಧಾನವಾದರೆ ತಪ್ಪು ಇಂಟರ್ನೆಟ್ ಲೈನಿನದು, ಸರ್ವರಿನದಲ್ಲ.

ಎಲ್ಲರಿಗೂ ನಿಧಾನವೆಂದಾದರೆ, ನಿಧಾನವಾಗಿರುವ ಆ ಹೊತ್ತಿನಲ್ಲೇ ‘ಶೋ ಫುಲ್ ಪ್ರೋಸೆಸ್‌ಲಿಸ್ಟ್’ ಆಜ್ಞೆ ಕೊಡಿ. ಸರ್ವರಿನಲ್ಲಿ ಆ ಕ್ಷಣ ನಡೆಯುತ್ತಿರುವ ಕ್ವೆರಿಗಳು, ಅಂದರೆ ತಂತ್ರಾಂಶವು ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು, ಸಾಲಾಗಿ ಕಾಣುತ್ತವೆ. ‘ಟೈಮ್’ ಎಂಬ ಕಂಬಸಾಲಿನಲ್ಲಿ (ಕಾಲಂನಲ್ಲಿ) ಎಷ್ಟು ಸೆಕೆಂಡಿನಿಂದ ನಡೆಯುತ್ತಿದೆ ಎಂದೂ, ‘ಸ್ಟೇಟ್’ ಎಂಬಲ್ಲಿ ಏನು ಮಾಡುತ್ತಿದೆ ಎಂದೂ ಇರುತ್ತದೆ. ಹಲವು ಸಾಲುಗಳಲ್ಲಿ ‘ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್’ ಎಂದು ಕಂಡರೆ ಯಾವುದೋ ಒಂದು ಸಂಪರ್ಕ ಕೆಲಸ ಮುಗಿಸದೆ ಟೇಬಲನ್ನು, ಅಂದರೆ ನಮೂದುಗಳನ್ನು ಸಾಲಾಗಿ ಇಟ್ಟಿರುವ ಪಟ್ಟಿಯನ್ನು, ಹಿಡಿದು ಕುಳಿತಿದೆ ಎಂದರ್ಥ. ಯಾವ ಟ್ಯೂನಿಂಗಿನಿಂದಲೂ, ಅಂದರೆ ಸೆಟ್ಟಿಂಗ್ ತಿದ್ದುವುದರಿಂದಲೂ, ಅದು ಸರಿಹೋಗದು, ಆ ಸಂಪರ್ಕವನ್ನು ಹುಡುಕಿ ಬಿಡಿಸಬೇಕು.

ಹಂತ 2: ಸ್ಲೋ ಕ್ವೆರಿ ಲಾಗ್

ಸ್ಲೋ ಕ್ವೆರಿ ಲಾಗ್ ಎಂದರೆ ನಿಗದಿತ ಅವಧಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ ಕ್ವೆರಿಗಳನ್ನು ಸರ್ವರ್ ತಾನೇ ಬರೆದಿಡುವ ದಾಖಲೆ. ಮೂಲದಲ್ಲಿ ಇದು ಆಫ್ ಆಗಿರುತ್ತದೆ, ಮತ್ತು ಅವಧಿ 10 ಸೆಕೆಂಡ್ ಎಂದಿರುತ್ತದೆ. ಕೌಂಟರಿನ ಎದುರು ನಿಂತ ಸದಸ್ಯರಿಗೆ 10 ಸೆಕೆಂಡ್ ಬಹಳ ದೀರ್ಘವಾಯಿತು, ಆದ್ದರಿಂದ ‘ಸ್ಲೋ_ಕ್ವೆರಿ_ಲಾಗ್’ ಅನ್ನು ಆನ್ ಮಾಡಿ ‘ಲಾಂಗ್_ಕ್ವೆರಿ_ಟೈಮ್’ ಅನ್ನು 1ಕ್ಕೆ ಇಳಿಸಿ.

ಇಲ್ಲಿ ಎಡವುವವರು ಬಹಳ. ಸರ್ವರ್ ನಡೆಯುತ್ತಿರುವಾಗ ಈ ಅವಧಿಯನ್ನು ಬದಲಿಸಿದರೆ ಹೊಸದಾಗಿ ಬರುವ ಸಂಪರ್ಕಗಳಿಗೆ ಮಾತ್ರ ಅದು ಅನ್ವಯವಾಗುತ್ತದೆ. ಬೆಳಿಗ್ಗೆಯೇ ಸಂಪರ್ಕ ಪಡೆದು ಕುಳಿತ ತಂತ್ರಾಂಶ ಹಳೆಯ 10 ಸೆಕೆಂಡನ್ನೇ ಪಾಲಿಸುತ್ತಿರುತ್ತದೆ. ಲಾಗ್ ಖಾಲಿ ಇರುವುದನ್ನು ಕಂಡು ‘ನಿಧಾನದ ಕ್ವೆರಿಗಳೇ ಇಲ್ಲ’ ಎಂದು ತೀರ್ಮಾನಿಸಬೇಡಿ, ಎಲ್ಲ ಕೌಂಟರುಗಳಲ್ಲೂ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿಸಿ.

ಪೂರ್ತಿ ಒಂದು ವ್ಯವಹಾರದ ದಿನ ಲಾಗನ್ನು ನಡೆಯಗೊಟ್ಟು, ನಂತರ ‘ಮೈಎಸ್‌ಕ್ಯೂಎಲ್‌ಡಂಪ್‌ಸ್ಲೋ’ ಎಂಬ ಸಾಧನದಿಂದ ಸಾರಾಂಶ ತೆಗೆಯಿರಿ. ಒಂದೇ ಬಗೆಯ ಕ್ವೆರಿಗಳನ್ನು ಅದು ಒಟ್ಟುಗೂಡಿಸಿ ಎಷ್ಟು ಸಲ ಬಂದವು, ಎಷ್ಟು ಹೊತ್ತು ಹಿಡಿದವು ಎಂದು ತೋರಿಸುತ್ತದೆ. ನೋಡಬೇಕಾದದ್ದು ಒಟ್ಟು ಸಮಯವನ್ನು. ದಿನಕ್ಕೊಮ್ಮೆ ಸಂಜೆ ತೆಗೆಯುವ ವರದಿಗೆ 20 ಸೆಕೆಂಡ್ ಹಿಡಿದರೆ ಯಾರಿಗೂ ದೊಡ್ಡ ತೊಂದರೆಯಿಲ್ಲ, ಆದರೆ 0.3 ಸೆಕೆಂಡಿನ ಕ್ವೆರಿಯೊಂದು ದಿನಕ್ಕೆ 10,000 ಸಲ ನಡೆದರೆ ಒಟ್ಟು 3,000 ಸೆಕೆಂಡ್, ಅಂದರೆ 50 ನಿಮಿಷ ಅದಕ್ಕೇ ಹೋಯಿತು. ಇಂಥದ್ದು 1 ಸೆಕೆಂಡಿನ ಜರಡಿಯಲ್ಲಿ ಸಿಗುವುದೇ ಇಲ್ಲ. ಆದ್ದರಿಂದ ಎರಡನೆಯ ದಿನ ಅವಧಿಯನ್ನು 0.2ಕ್ಕೆ ಇಳಿಸಿ ಇನ್ನೊಮ್ಮೆ ನೋಡಿ.

ಹಂತ 3: ಎಕ್ಸ್‌ಪ್ಲೇನ್ ಮತ್ತು ಇಂಡೆಕ್ಸ್

ನಿಮ್ಮ ಸಮಯದ ಹೆಚ್ಚಿನ ಪಾಲನ್ನು ಇದಕ್ಕೇ ಮೀಸಲಿಡಿ. ಸರಿಯಾದ ಒಂದು ಇಂಡೆಕ್ಸಿನಿಂದ, ಅಂದರೆ ಹುಡುಕಾಟದ ಅನುಕ್ರಮಣಿಕೆಯಿಂದ, ಸಿಗುವ ಲಾಭವನ್ನು ರ್ಯಾಮ್ ಎಷ್ಟು ಹಾಕಿದರೂ ಪಡೆಯಲಾಗದು.

ಉದಾಹರಣೆಗೆ ಅಡಿಕೆ ವಿಕ್ರಿಯ ಒಂದು ಟೇಬಲ್ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಸದಸ್ಯ ಸಂಖ್ಯೆ, ದಿನಾಂಕ, ಬಗೆ, ತೂಕ, ದರ ಎಂಬ ಕಂಬಸಾಲುಗಳಿವೆ. ವರ್ಷಗಳಿಂದ ಬೆಳೆದು 4 ಲಕ್ಷ ಸಾಲುಗಳಾಗಿವೆ. ಒಬ್ಬ ಸದಸ್ಯರ ಈ ವರ್ಷದ ವಿಕ್ರಿಯನ್ನು ಕೇಳುವ ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್’ ಎಂಬ ಪದ ಸೇರಿಸಿ ಓಡಿಸಿದರೆ, ಸರ್ವರ್ ಆ ಕ್ವೆರಿಗೆ ಹೇಗೆ ಉತ್ತರ ಹುಡುಕಲಿದೆ ಎಂಬ ಯೋಜನೆಯನ್ನು ತೋರಿಸುತ್ತದೆ. ಅಲ್ಲಿ ‘ಟೈಪ್’ ಕೆಳಗೆ ‘ಆಲ್’, ‘ಕೀ’ ಕೆಳಗೆ ‘ನಲ್’, ‘ರೋಸ್’ ಕೆಳಗೆ ಸುಮಾರು 4 ಲಕ್ಷ ಎಂದು ಬಂದರೆ ರೋಗ ಸಿಕ್ಕಿತು ಎಂದು ತಿಳಿಯಿರಿ. ಒಬ್ಬರ ಹತ್ತಿಪ್ಪತ್ತು ನಮೂದುಗಳಿಗಾಗಿ ಸರ್ವರ್ ಇಡೀ ರೋಜುಕೀರ್ದಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದೆ. ಇಂಡೆಕ್ಸ್ ಎಂದರೆ ಖಾತೆವಾರು ಪುಟಸಂಖ್ಯೆ ಬರೆದಿಟ್ಟ ಅನುಕ್ರಮಣಿಕೆ; ಅದಿದ್ದರೆ ನೇರವಾಗಿ ಬೇಕಾದ ಪುಟಕ್ಕೇ ಹೋಗಬಹುದು.

ಇಲ್ಲಿ ಬೇಕಾಗಿರುವುದು ಸದಸ್ಯ ಸಂಖ್ಯೆ ಮತ್ತು ದಿನಾಂಕ ಎರಡನ್ನೂ ಸೇರಿಸಿದ ಜೋಡಿ ಇಂಡೆಕ್ಸ್, ಅದೂ ಇದೇ ಕ್ರಮದಲ್ಲಿ. ಸದಸ್ಯ ಸಂಖ್ಯೆಗೆ ‘ಇಷ್ಟೇ’ ಎಂಬ ನಿಖರ ಬೆಲೆಯಿದೆ (ಇಲ್ಲಿ ಬೆಲೆ ಎಂದರೆ ತುಂಬಿದ ಮೌಲ್ಯ, ದರವಲ್ಲ), ದಿನಾಂಕಕ್ಕೆ ‘ಇಲ್ಲಿಂದ ಅಲ್ಲಿಯವರೆಗೆ’ ಎಂಬ ವ್ಯಾಪ್ತಿಯಿದೆ. ನಿಖರ ಬೆಲೆಯದು ಮುಂದೆ, ವ್ಯಾಪ್ತಿಯದು ಹಿಂದೆ ಇರಬೇಕು. ದಿನಾಂಕವನ್ನು ಮುಂದಿಟ್ಟರೆ ಆ ವರ್ಷದ ಎಲ್ಲ ಸದಸ್ಯರ ನಮೂದುಗಳನ್ನೂ ದಾಟುತ್ತಾ ಈ ಒಬ್ಬರನ್ನು ಆರಿಸಬೇಕಾಗುತ್ತದೆ. ಇಂಡೆಕ್ಸ್ ಸೇರಿಸಿ ಮತ್ತೆ ‘ಎಕ್ಸ್‌ಪ್ಲೇನ್’ ಕೊಟ್ಟಾಗ ‘ಟೈಪ್’ ಕೆಳಗೆ ‘ರೇಂಜ್’ ಎಂದೂ ‘ರೋಸ್’ ಕೆಳಗೆ ಸಣ್ಣ ಸಂಖ್ಯೆಯೂ ಬರಬೇಕು.

ಇಂಡೆಕ್ಸ್ ಇದ್ದೂ ಸರ್ವರ್ ಅದನ್ನು ಬಳಸದಿರುವುದಕ್ಕೆ ನಮ್ಮ ಭಾಗದ ಕಚೇರಿಗಳಲ್ಲಿ ನಾನು ಪದೇ ಪದೇ ಕಾಣುವ ಕಾರಣಗಳಿವು.

ಒಂದು, ಸದಸ್ಯ ಸಂಖ್ಯೆ ಅಕ್ಷರರೂಪದಲ್ಲಿರುವುದು. ಹಳೆಯ ಲೆಡ್ಜರಿನಲ್ಲಿ ‘ಬಿ/112’ ಎಂಬಂಥ ಸಂಖ್ಯೆಗಳಿದ್ದವೆಂದು ಆ ಕಂಬಸಾಲನ್ನು ‘ವಾರ್‌ಚಾರ್’, ಅಂದರೆ ಪಠ್ಯ, ಎಂದು ಮಾಡಿರುತ್ತಾರೆ. ಕ್ವೆರಿಯಲ್ಲಿ ಮಾತ್ರ ಉದ್ಧರಣ ಚಿಹ್ನೆಯಿಲ್ಲದೆ ಬರಿಯ 1045 ಎಂದು ಕೇಳುತ್ತಾರೆ. ಪಠ್ಯವಾಗಿ ‘1045’, ‘01045’ ಬೇರೆ ಬೇರೆಯಾದರೂ ಸಂಖ್ಯೆಯಾಗಿ ಒಂದೇ ಆದ್ದರಿಂದ, ಸರ್ವರ್ ಪ್ರತಿ ಸಾಲನ್ನೂ ಸಂಖ್ಯೆಗೆ ತಿರುಗಿಸಿ ಹೋಲಿಸಬೇಕಾಗುತ್ತದೆ, ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಎರಡು ಉದ್ಧರಣ ಚಿಹ್ನೆ ಹಾಕಿದರೆ ಸಾಕು, ಸರಿಹೋಗುತ್ತದೆ.

ಎರಡು, ದಿನಾಂಕದ ಮೇಲೆ ಫಂಕ್ಷನ್ ಹಾಕುವುದು. ‘ಇಯರ್(ದಿನಾಂಕ) = 2024’ ಎಂದು ಕೇಳಿದರೆ ದಿನಾಂಕದ ಮೇಲಿನ ಸಾಮಾನ್ಯ ಇಂಡೆಕ್ಸ್ ನಿರುಪಯೋಗಿ. ಆರ್ಥಿಕ ವರ್ಷಕ್ಕೆ ಅದು ಹೇಗಿದ್ದರೂ ಹೊಂದುವುದಿಲ್ಲ; ‘2024-04-01ರಿಂದ, 2025-04-01ಕ್ಕಿಂತ ಮೊದಲು’ ಎಂಬ ವ್ಯಾಪ್ತಿಯಾಗಿ ಬರೆಯಿಸಿ.

ಮೂರು, ಆಯ್ಕೆಗೆ ಬಾರದ ಕಂಬಸಾಲಿನ ಮೇಲೆ ಇಂಡೆಕ್ಸ್ ಹಾಕುವುದು. ಶಿರಸಿ ಸೀಮೆಯ ಸಂಘದ ಸದಸ್ಯರ ಪಟ್ಟಿಯಲ್ಲಿ ಅಡ್ಡಹೆಸರಿನ ಮೇಲೆ ಇಂಡೆಕ್ಸ್ ಹಾಕಿ ‘ಹೆಗಡೆ’ ಎಂದು ಹುಡುಕಿದರೆ ಪಟ್ಟಿಯ ದೊಡ್ಡ ಪಾಲೇ ಉತ್ತರವಾಗಿ ಬರುತ್ತದೆ, ಕರಾವಳಿಯ ಪಟ್ಟಿಯಲ್ಲಿ ‘ನಾಯ್ಕ’ ಎಂದರೂ ಹಾಗೆಯೇ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಬೆರಳೆಣಿಕೆಯ ಬೆಲೆಗಳಿರುವ ‘ಬಗೆ’ ಎಂಬ ಕಂಬಸಾಲಿನ ಮೇಲೆ ಒಂಟಿ ಇಂಡೆಕ್ಸ್ ಹಾಕುವುದರಿಂದಲೂ ಪ್ರಯೋಜನ ಕಡಿಮೆ. ಹುಡುಕಾಟವನ್ನು ಕೆಲವೇ ಸಾಲುಗಳಿಗೆ ಇಳಿಸುವ ಕಂಬಸಾಲಿಗೇ ಇಂಡೆಕ್ಸ್ ಬೇಕು.

ನಾಲ್ಕು, ಕನ್ನಡ ಪಠ್ಯಕ್ಕೆ ಸಂಬಂಧಿಸಿದ್ದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್ ಬೇಕು, ಸ್ವರಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ. ‘ಹೆಗಡೆ’ ಎಂಬ ಹೆಸರಿನಲ್ಲಿ ಹ, ಎತ್ವ, ಗ, ಡ, ಎತ್ವ ಎಂದು 5 ಚಿಹ್ನೆಗಳಿವೆ, ಆದ್ದರಿಂದ 15 ಬೈಟ್. ಹೆಸರು, ವಿಳಾಸಗಳ ಮೇಲಿನ ಇಂಡೆಕ್ಸ್ ಕನ್ನಡದಲ್ಲಿ ಬೇಗ ಊದಿಕೊಳ್ಳುತ್ತದೆ ಎಂಬುದು ನೆನಪಿರಲಿ. ಇದಕ್ಕಿಂತ ಗಂಭೀರವಾದದ್ದು, ಹಳೆಯ ಟೇಬಲ್ ‘ಲ್ಯಾಟಿನ್1’ ಸಂಕೇತದಲ್ಲಿಯೂ ಹೊಸ ಟೇಬಲ್ ‘ಯುಟಿಎಫ್8ಎಂಬಿ4’ ಸಂಕೇತದಲ್ಲಿಯೂ ಉಳಿದುಬಿಡುವುದು; ಇಂಥ ಎರಡು ಕಂಬಸಾಲುಗಳನ್ನು ಹೋಲಿಸಿ ಟೇಬಲ್‌ಗಳನ್ನು ಜೋಡಿಸುವಾಗ ಇಂಡೆಕ್ಸ್ ಬಳಕೆಯೇ ತಪ್ಪಬಹುದು. ಇನ್ನು ‘ಲೈಕ್’ ಹುಡುಕಾಟದಲ್ಲಿ ಶೇಕಡಾ ಚಿಹ್ನೆಯನ್ನು ಪದದ ಮೊದಲೇ ಹಾಕಿದರೂ ಸಾಮಾನ್ಯ ಇಂಡೆಕ್ಸ್ ನೆರವಿಗೆ ಬಾರದು.

ಇಷ್ಟೆಲ್ಲ ಓದಿ ಸಿಕ್ಕಸಿಕ್ಕ ಕಂಬಸಾಲಿಗೆಲ್ಲ ಇಂಡೆಕ್ಸ್ ಹಾಕಲು ಹೊರಡಬೇಡಿ. ಪ್ರತಿ ಹೊಸ ನಮೂದು ಬಂದಾಗಲೂ ಟೇಬಲಿನ ಎಲ್ಲ ಇಂಡೆಕ್ಸ್‌ಗಳನ್ನೂ ತಿದ್ದಬೇಕಾಗುವುದರಿಂದ ಬರೆಯುವ ಕೆಲಸ ನಿಧಾನವಾಗುತ್ತದೆ. ಸದಸ್ಯ ಸಂಖ್ಯೆ-ದಿನಾಂಕದ ಜೋಡಿ ಇಂಡೆಕ್ಸ್ ಇದ್ದಮೇಲೆ ಸದಸ್ಯ ಸಂಖ್ಯೆಯದೇ ಒಂಟಿ ಇಂಡೆಕ್ಸ್ ಸಾಮಾನ್ಯವಾಗಿ ಅನಗತ್ಯ. ಮೈಎಸ್‌ಕ್ಯೂಎಲ್‌ನ ‘ಸಿಸ್’ ಸ್ಕೀಮಾದಲ್ಲಿರುವ, ಅಂದರೆ ಸರ್ವರಿನ ಸ್ಥಿತಿ ತೋರಿಸುವ ಅದರದೇ ಡೇಟಾಬೇಸಿನಲ್ಲಿರುವ, ‘ಸ್ಕೀಮಾ_ಅನ್‌ಯೂಸ್ಡ್_ಇಂಡೆಕ್ಸಸ್’ ಎಂಬ ನೋಟವು ಬಳಕೆಯಾಗದವುಗಳ ಪಟ್ಟಿ ಕೊಡುತ್ತದೆ. ಆದರೆ ಅದರ ಲೆಕ್ಕ ಸರ್ವರ್ ಕೊನೆಯ ಬಾರಿ ಶುರುವಾದಂದಿನಿಂದ ಮಾತ್ರ. ವರ್ಷಾಂತ್ಯದ ಲೆಕ್ಕಪತ್ರಕ್ಕೆ ಮಾತ್ರ ಬೇಕಾಗುವ ಇಂಡೆಕ್ಸ್ ಜನವರಿಯಲ್ಲಿ ಅನಗತ್ಯವೆಂದೇ ಕಾಣುತ್ತದೆ. 8.0ರಲ್ಲಿ ಇಂಡೆಕ್ಸನ್ನು ಅಳಿಸದೆ ‘ಇನ್‌ವಿಸಿಬಲ್’ ಮಾಡಿ ಕೆಲವು ದಿನ ನೋಡಬಹುದು, ಮರಿಯಾಡಿಬಿ 10.6ರಿಂದ ಇದಕ್ಕೆ ‘ಇಗ್ನೋರ್ಡ್’ ಎಂಬ ಸೌಲಭ್ಯವಿದೆ.

ತಂತ್ರಾಂಶ ಬೇರೆಯವರದ್ದಾಗಿ ಕ್ವೆರಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಲಾಗಿನಲ್ಲಿ ಸಿಕ್ಕ ಕ್ವೆರಿ ಮತ್ತು ‘ಎಕ್ಸ್‌ಪ್ಲೇನ್’ ಉತ್ತರ ಎರಡನ್ನೂ ಪೂರೈಕೆದಾರರಿಗೆ ಬರಹದಲ್ಲಿ ಕಳುಹಿಸಿ. ‘ನಿಧಾನವಾಗಿದೆ’ ಎಂಬ ದೂರಿಗಿಂತ ಇದಕ್ಕೆ ಬೇಗ ಉತ್ತರ ಬರುತ್ತದೆ. ಇಂಡೆಕ್ಸನ್ನು ನೀವೇ ಸೇರಿಸುವುದಾದರೂ ಅವರ ಒಪ್ಪಿಗೆ ಪಡೆದು, ಸಂಜೆ ವಹಿವಾಟು ಮುಗಿದ ಮೇಲೆ ಸೇರಿಸಿ.

ಹಂತ 4: ಸ್ಮರಣೆ

ಕ್ವೆರಿಗಳು ಸರಿಹೋದ ನಂತರವೇ ರ್ಯಾಮಿನ ಕಡೆ ಬನ್ನಿ. ಇನ್ನೊಡಿಬಿ ಎಂಬುದು ಮೈಎಸ್‌ಕ್ಯೂಎಲ್ ತನ್ನ ಟೇಬಲ್‌ಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ. ಡಿಸ್ಕಿನಿಂದ ಓದಿದ ಪುಟಗಳನ್ನು ಮತ್ತೆ ಬೇಕಾದೀತೆಂದು ಅದು ರ್ಯಾಮಿನಲ್ಲಿ ಇರಿಸಿಕೊಳ್ಳುವ ಜಾಗಕ್ಕೆ ಬಫರ್ ಪೂಲ್ ಎನ್ನುತ್ತಾರೆ. ‘ಇನ್ನೊಡಿಬಿ_ಬಫರ್_ಪೂಲ್_ಸೈಜ್’ ಮೂಲದಲ್ಲಿ 128 ಎಂಬಿ ಮಾತ್ರ. 16 ಜಿಬಿ ರ್ಯಾಮ್ ಹಾಕಿಸಿದ ಮೇಲೂ ಇದನ್ನು ಬದಲಿಸದೆ ಬಿಟ್ಟರೆ ಹೊಸ ರ್ಯಾಮಿನ ಹೆಚ್ಚಿನ ಪ್ರಯೋಜನ ಡೇಟಾಬೇಸಿಗೆ ದಕ್ಕುವುದೇ ಇಲ್ಲ.

ಯಂತ್ರ ಡೇಟಾಬೇಸಿಗೆಂದೇ ಮೀಸಲಾಗಿದ್ದರೆ ಒಟ್ಟು ರ್ಯಾಮಿನ ಶೇ. 50ರಿಂದ 75ರವರೆಗೆ ಕೊಡಬಹುದು. ಅದೇ ಯಂತ್ರದಲ್ಲಿ ಬಿಲ್ಲಿಂಗ್ ತಂತ್ರಾಂಶ, ಆಂಟಿವೈರಸ್, ಯಾರದೋ ಎಕ್ಸೆಲ್ ಎಲ್ಲ ನಡೆಯುತ್ತಿದ್ದರೆ ಅರ್ಧಕ್ಕಿಂತ ಕೆಳಗೇ ನಿಲ್ಲಿಸಿ. ಡೇಟಾ ಮತ್ತು ಇಂಡೆಕ್ಸ್ ಸೇರಿ 3 ಜಿಬಿ ಇರುವಲ್ಲಿ 12 ಜಿಬಿ ಪೂಲ್ ಕೊಟ್ಟು ಫಲವಿಲ್ಲ. ಸಾಕೋ ಸಾಲದೋ ಎಂದು ತಿಳಿಯಲು ‘ಇನ್ನೊಡಿಬಿ_ಬಫರ್_ಪೂಲ್_ರೀಡ್ಸ್’ ಎಂಬ ಎಣಿಕೆಯನ್ನು, ಅಂದರೆ ಪೂಲಿನಲ್ಲಿ ಸಿಗದೆ ಡಿಸ್ಕಿಗೆ ಹೋದ ಓದುಗಳನ್ನು, ಬಿಡುವಿಲ್ಲದ ಒಂದು ತಾಸಿನ ಆರಂಭದಲ್ಲೂ ಕೊನೆಯಲ್ಲೂ ಬರೆದುಕೊಂಡು ವ್ಯತ್ಯಾಸ ನೋಡಿ. ಮೈಎಸ್‌ಕ್ಯೂಎಲ್ 5.7 ಮತ್ತು ಮರಿಯಾಡಿಬಿ 10.2ರಿಂದ ಈ ಗಾತ್ರವನ್ನು ಸರ್ವರ್ ನಿಲ್ಲಿಸದೆಯೇ ಬದಲಿಸಬಹುದು, ಕಡತದಲ್ಲೂ ಬರೆಯಲು ಮರೆಯಬೇಡಿ.

ಪೂಲನ್ನು ಅತಿಯಾಗಿ ಹಿಗ್ಗಿಸಿದರೆ ಯಂತ್ರ ಸ್ವ್ಯಾಪ್‌ಗೆ ಇಳಿಯುತ್ತದೆ, ಅಂದರೆ ರ್ಯಾಮಿನಲ್ಲಿರಬೇಕಾದದ್ದನ್ನು ಡಿಸ್ಕಿಗೆ ತಳ್ಳತೊಡಗುತ್ತದೆ. ಆಗ ಮೊದಲಿಗಿಂತಲೂ ನಿಧಾನ. ಲಿನಕ್ಸಿನಲ್ಲಿ ‘ಸ್ವ್ಯಾಪಿನೆಸ್’ ಬೆಲೆ ಸಾಮಾನ್ಯವಾಗಿ 60 ಇರುತ್ತದೆ, ಡೇಟಾಬೇಸ್ ಯಂತ್ರದಲ್ಲಿ 10ಕ್ಕೋ 1ಕ್ಕೋ ಇಳಿಸುವುದು ವಾಡಿಕೆ.

‘ಸಾರ್ಟ್_ಬಫರ್_ಸೈಜ್’, ‘ಜಾಯಿನ್_ಬಫರ್_ಸೈಜ್’ಗಳನ್ನು ದಯವಿಟ್ಟು ಮುಟ್ಟಬೇಡಿ. ಇವು ಸರ್ವರಿಗೆ ಒಟ್ಟಾರೆ ಸಿಗುವವಲ್ಲ, ಪ್ರತಿ ಸಂಪರ್ಕವೂ ಬೇಕಾದಾಗ ಬೇರೆಬೇರೆಯಾಗಿ ಪಡೆಯುವಂಥವು: 16 ಎಂಬಿ ಎಂದು ಹಾಕಿ 150 ಸಂಪರ್ಕಗಳು ಏಕಕಾಲಕ್ಕೆ ಕೇಳಿದರೆ 2,400 ಎಂಬಿ ಬೇಕು. ‘ಟೂ ಮೆನಿ ಕನೆಕ್ಷನ್ಸ್’ ಎಂಬ ದೋಷ ಬಂದಾಗಲೂ ‘ಮ್ಯಾಕ್ಸ್_ಕನೆಕ್ಷನ್ಸ್’ ಅನ್ನು ಮೂಲದ 151ರಿಂದ 1,000ಕ್ಕೆ ಏರಿಸುವುದು ಮದ್ದಲ್ಲ. ನಿಧಾನದ ಕ್ವೆರಿಗಳು ಬಾಗಿಲಲ್ಲಿ ಸಾಲುಗಟ್ಟಿವೆಯೇ, ತಂತ್ರಾಂಶ ಸಂಪರ್ಕಗಳನ್ನು ಮುಚ್ಚದೆ ಬಿಡುತ್ತಿದೆಯೇ ಎಂದು ನೋಡಿ. ಹಳೆಯ ಲೇಖನಗಳನ್ನು ಓದಿ ‘ಕ್ವೆರಿ_ಕ್ಯಾಶ್_ಸೈಜ್’ ಸೇರಿಸುವವರೂ ಇದ್ದಾರೆ. ಮೈಎಸ್‌ಕ್ಯೂಎಲ್ 8.0ರಲ್ಲಿ ಕ್ವೆರಿ ಕ್ಯಾಶನ್ನೇ ತೆಗೆದುಹಾಕಲಾಗಿದೆ, ಕಡತದಲ್ಲಿ ಆ ಸಾಲು ಇದ್ದರೆ ಸರ್ವರ್ ಶುರುವಾಗುವುದೇ ಇಲ್ಲ.

ಹಂತ 5: ಡಿಸ್ಕ್, ಲಾಗ್ ಮತ್ತು ಕರೆಂಟು

ಪ್ರತಿ ಬದಲಾವಣೆಯನ್ನೂ ಇನ್ನೊಡಿಬಿ ಮೊದಲು ರೀಡೂ ಲಾಗ್ ಎಂಬ ಕಚ್ಚಾ ಪುಸ್ತಕದಲ್ಲಿ ಬರೆದು, ಆಮೇಲೆ ನಿಧಾನವಾಗಿ ಟೇಬಲಿಗೆ ಏರಿಸುತ್ತದೆ. ಈ ಲಾಗ್ ತೀರಾ ಚಿಕ್ಕದಾದರೆ ಜಾಗ ಮಾಡಿಕೊಳ್ಳಲು ಪದೇ ಪದೇ ಡಿಸ್ಕಿಗೆ ಬರೆಯಬೇಕಾಗುತ್ತದೆ. 8.0.30ರಿಂದ ಇದರ ಗಾತ್ರವನ್ನು ‘ಇನ್ನೊಡಿಬಿ_ರೀಡೂ_ಲಾಗ್_ಕ್ಯಾಪಾಸಿಟಿ’ ನಿರ್ಧರಿಸುತ್ತದೆ, ಮೂಲ ಬೆಲೆ 100 ಎಂಬಿ. ಹಳೆಯ ಆವೃತ್ತಿಗಳಲ್ಲೂ ಮರಿಯಾಡಿಬಿಯಲ್ಲೂ ‘ಇನ್ನೊಡಿಬಿ_ಲಾಗ್_ಫೈಲ್_ಸೈಜ್’. ಸಂಘವೊಂದರ ವಹಿವಾಟಿಗೆ 512 ಎಂಬಿಯಿಂದ 1 ಜಿಬಿ ಧಾರಾಳ ಸಾಕು. ಹಳೆಯ ಲಾಗ್ ಕಡತಗಳನ್ನು ಕೈಯಾರೆ ಅಳಿಸಲು ಹೋಗಬೇಡಿ.

ಈಗ ನಾನು ತುಂಬ ಒತ್ತಿ ಹೇಳಬೇಕಾದ ಸಂಗತಿ. ‘ಇನ್ನೊಡಿಬಿ_ಫ್ಲಶ್_ಲಾಗ್_ಅಟ್_ಟಿಆರ್‌ಎಕ್ಸ್_ಕಮಿಟ್’ ಎಂಬ ಸೆಟ್ಟಿಂಗನ್ನು 1ರಿಂದ 2ಕ್ಕೆ ಬದಲಿಸಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದು ಸುಳ್ಳೂ ಅಲ್ಲ. 1 ಎಂದಿದ್ದಾಗ ಪ್ರತಿ ವ್ಯವಹಾರವೂ ಡಿಸ್ಕಿಗೆ ಇಳಿದ ಮೇಲೆಯೇ ‘ಆಯಿತು’ ಎಂಬ ಉತ್ತರ ಬರುತ್ತದೆ. 2 ಎಂದಿದ್ದಾಗ ಸುಮಾರು ಸೆಕೆಂಡಿಗೊಮ್ಮೆ ಮಾತ್ರ ಡಿಸ್ಕಿಗೆ ಇಳಿಯುತ್ತದೆ. ನಡುವೆ ಕರೆಂಟು ಹೋದರೆ ಆ ಒಂದು ಸೆಕೆಂಡಿನ ನಮೂದುಗಳು ಇಲ್ಲವಾಗಬಹುದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ನಮ್ಮಲ್ಲಿ ಹೊಸತಲ್ಲ. ಸದಸ್ಯರ ಕೈಯಲ್ಲಿ ಮುದ್ರಿತ ರಸೀದಿ ಇದೆ, ಸರ್ವರಿನಲ್ಲಿ ನಮೂದು ಇಲ್ಲ ಎಂಬ ಸ್ಥಿತಿ ಹಣದ ಲೆಕ್ಕ ಇಡುವ ಯಾವ ಕಚೇರಿಗೂ ಬರಬಾರದು. ಅದನ್ನು 1ರಲ್ಲೇ ಬಿಡಿ.

1ರಲ್ಲಿ ನಿಧಾನವಾಗುತ್ತಿದ್ದರೆ ಕಾರಣ ಹೆಚ್ಚಾಗಿ ಡಿಸ್ಕ್. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ತಿರುಗುವುದು 120 ಸುತ್ತು; ಪ್ರತಿ ವ್ಯವಹಾರವೂ ಹೆಚ್ಚುಕಡಿಮೆ ಒಂದು ಸುತ್ತಿಗಾಗಿ ಕಾಯಬೇಕಾದರೆ, ಒಂದೊಂದಾಗಿ ಬರುವ ವ್ಯವಹಾರಗಳು ಸೆಕೆಂಡಿಗೆ ಆ ಆಸುಪಾಸಿನಷ್ಟೇ ಸಾಧ್ಯ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಈ ಕಾಯುವಿಕೆಯಿಲ್ಲ, ನಾನು ಹಣ ಖರ್ಚು ಮಾಡಿ ಎಂದು ಹೇಳುವುದಿದ್ದರೆ ಮೊದಲು ಇದಕ್ಕೆ, ಅದೂ ಕರೆಂಟು ಹೋದಾಗ ರಕ್ಷಣೆಯಿರುವ ಸರ್ವರ್ ದರ್ಜೆಯದಕ್ಕೆ. 5,000 ಸಾಲುಗಳ ಬಡ್ಡಿ ಜಮಾದಂಥ ಕೆಲಸವನ್ನು ಒಂದೊಂದೇ ಸಾಲಾಗಿ ಕಮಿಟ್ ಮಾಡದೆ (ಖಾಯಂ ಎಂದು ಮುಗಿಸದೆ) ಒಂದೇ ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೇ ಮುಗಿಯುವ ಒಂದು ವ್ಯವಹಾರದ, ಒಳಗೆ ಸೇರಿಸಿದರೆ, ಹಳೆಯ ಡಿಸ್ಕಿನಲ್ಲೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಯುಪಿಎಸ್‌ನ ಡೇಟಾ ಕೇಬಲನ್ನು ಸರ್ವರಿಗೆ ಜೋಡಿಸಿ, ಬ್ಯಾಟರಿ ಮುಗಿಯುವ ಮೊದಲೇ ಸರ್ವರ್ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿ. ವಿಂಡೋಸಿನಲ್ಲಾದರೆ ಡೇಟಾ ಫೋಲ್ಡರನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ.

ಹಂತ 6: ಒಂದು ಸಲಕ್ಕೆ ಒಂದೇ ಬದಲಾವಣೆ

ಐದು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾಂಕ, ಬದಲಿಸಿದ್ದು, ಹಳೆಯ ಬೆಲೆ, ಹೊಸ ಬೆಲೆ, ಮೊದಲು ಹಿಡಿದ ಸಮಯ, ನಂತರ ಹಿಡಿದ ಸಮಯ ಎಂದು ಬರೆಯಿರಿ; ಮುಂದೆ ನಿಮ್ಮ ಜಾಗಕ್ಕೆ ಬರುವವರಿಗೂ ಅದು ಬೇಕಾಗುತ್ತದೆ. ಸರ್ವರ್ ಮರುಪ್ರಾರಂಭವಾದ ತಕ್ಷಣ ಅಳೆಯಬೇಡಿ, ಬಫರ್ ಪೂಲ್ ತುಂಬಿಕೊಳ್ಳಲು ಸಮಯ ಬೇಕು, ಅರ್ಧ ದಿನವಾದರೂ ಕೆಲಸ ನಡೆಯಲಿ. ಸರ್ವರ್ ಶುರುವಾಗದಿದ್ದರೆ ಎರರ್ ಲಾಗಿನ ಕೊನೆಯ ಸಾಲುಗಳನ್ನು ಓದಿ, ತೆಗೆದಿಟ್ಟ ಹಳೆಯ ಕಡತವನ್ನು ಮರಳಿ ಹಾಕಿ. 8.0.16ರಿಂದ ‘ವ್ಯಾಲಿಡೇಟ್-ಕಾನ್ಫಿಗ್’ ಎಂಬ ಆಯ್ಕೆಯಿದ್ದು, ಕಡತದಲ್ಲಿ ತಪ್ಪಿದೆಯೇ ಎಂದು ಮೊದಲೇ ಪರೀಕ್ಷಿಸಬಹುದು. ‘ಮೈಎಸ್‌ಕ್ಯೂಎಲ್‌ಟ್ಯೂನರ್’ನಂಥ ಸಾಧನಗಳನ್ನು ಬಳಸುವುದಾದರೆ ಸರ್ವರ್ ಕನಿಷ್ಠ 24 ಗಂಟೆ ನಡೆದ ಮೇಲೆ ಓಡಿಸಿ, ಅವು ಕೊಡುವ ಸಲಹೆಗಳನ್ನು ಒಂದೊಂದಾಗಿ ಪರಿಶೀಲಿಸಿ.

ಕೆಲಸ ಮುಗಿದ ಮೇಲೆ ‘ಲಾಂಗ್_ಕ್ವೆರಿ_ಟೈಮ್’ ಅನ್ನು 0.2ರಲ್ಲೇ ಬಿಟ್ಟು ಮರೆಯಬೇಡಿ, ಲಾಗ್ ಬೆಳೆದು ಡಿಸ್ಕನ್ನೇ ತುಂಬಿಸೀತು. ಅದನ್ನು 2 ಸೆಕೆಂಡಿಗೆ ಏರಿಸಿ ಲಾಗನ್ನು ಆನ್ ಇಟ್ಟು, ತಿಂಗಳಿಗೊಮ್ಮೆ ಹಳೆಯ ಕಡತದ ಹೆಸರು ಬದಲಿಸಿ ‘ಫ್ಲಶ್ ಸ್ಲೋ ಲಾಗ್ಸ್’ ಆಜ್ಞೆ ಕೊಟ್ಟರೆ ಹೊಸ ಕಡತ ಶುರುವಾಗುತ್ತದೆ. ಎರಡನೆಯ ಮತ್ತು ಮೂರನೆಯ ಹಂತಗಳನ್ನು ವಿಕ್ರಿಯ ಭರಾಟೆ ಶುರುವಾಗುವ ಮೊದಲು ಪ್ರತಿ ವರ್ಷ ಒಮ್ಮೆ ಮಾಡಿ; ಬಳಕೆಯಾಗದ ಇಂಡೆಕ್ಸ್‌ಗಳ ಪಟ್ಟಿಯನ್ನು ಏಪ್ರಿಲ್‌ನಲ್ಲಿ, ವರ್ಷಾಂತ್ಯದ ವರದಿಗಳೆಲ್ಲ ಮುಗಿದ ಮೇಲೆ, ಸರ್ವರನ್ನು ಮರುಪ್ರಾರಂಭಿಸುವ ಮೊದಲು ತೆಗೆದುಕೊಳ್ಳಿ.